ಗಾಳಿ ಬಾರದ ಮೂಲೆ

ನಮ್ಮ ಮನೆಯ ಹಿಂಬದಿಯ ಮನೆಯಲ್ಲಿ ಈಗ ಹಸಿ ಬಾಣಂತಿ ಇದ್ದಾಳೆ. ಸಂಜೆ ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕುತ್ತಾರೆ. ಆ ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತೆಂದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಪಾತ್ರೆ ಎತ್ತಿಡುತ್ತೇನೆ, ಎತ್ತಿಟ್ಟದ್ದನ್ನೇ ಮತ್ತೆ ತೆಗೆಯುತ್ತೇನೆ... ಪಕ್ಕದ ಮಂಟಪದ ದೊಡ್ಡವ್ವ ಬಂದು ಎದುರಿಗೆ ನಿಂತ ಹಾಗಾಗುತ್ತದೆ.

ಮಂಟಪ ಎಂದದ್ದು ಬರೀ ಮಾತಿಗಲ್ಲ. ನಾನು ಹೊಸಪೇಟೆಯಿಂದ ಹಂಪಿಗೆ ಸೊಸೆಯಾಗಿ ಹೋದಾಗ ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿತ್ತು. ಬಜಾರಿನ ಹಳೆಯ ಕಲ್ಲು ಮಂಟಪಗಳಲ್ಲೇ ಎಷ್ಟೋ ಸಂಸಾರಗಳಿದ್ದವು. ಮೇಲೆ ಚಪ್ಪಡಿ, ಹಿಂದೆ ಒಂದು ಗೋಡೆ, ಮಿಕ್ಕ ಮೂರು ಕಡೆ ಬರೀ ಕಂಬ. ಕಲ್ಲಿಗೆ ಮೊಳೆ ಇಳಿಯುವುದಿಲ್ಲ. ಚಾಪೆಯೋ, ಗೋಣಿತಟ್ಟೋ, ಮಣ್ಣೋ, ಕೈಗೆ ಸಿಕ್ಕಿದ್ದೇ ಗೋಡೆ. ನಮ್ಮ ಮಾವ ಎಬ್ಬಿಸಿದ ಮಣ್ಣಿನ ಗೋಡೆಗಳು ಎಬ್ಬಿಸಿದಲ್ಲೇ ಇದ್ದವು. ದೊಡ್ಡವ್ವನ ಗೋಡೆಗಳು ಮಾತ್ರ ನಡೆದಾಡುತ್ತಿದ್ದವು.

ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು ಚಾಪೆ ಇಳಿಬಿಟ್ಟಿದ್ದಳು. ಗಾಳಿ ತಿರುಗಿದರೆ ಚಾಪೆಗಳೂ ತಿರುಗಬೇಕು. ಬಿಸಿಲು ಸರಿದರೆ ಒಲೆ ಇನ್ನೊಂದು ಕಂಬದ ಬುಡಕ್ಕೆ ಹೋಗಬೇಕು. ನಿನ್ನೆ ಅಡುಗೆಮನೆಯಾಗಿದ್ದದ್ದು ಇವತ್ತು ಪಡಸಾಲೆ. ಒಂದು ಕಂಬದಲ್ಲಿ ಕೆತ್ತಿದ ಹನುಮಪ್ಪನಿದ್ದ. ಆ ಮನೆಯಲ್ಲಿ ಕದಲದೆ ಇದ್ದವನು ಅವನೊಬ್ಬನೇ.

"ದೊಡ್ಡವ್ವ, ಒಂದು ಕಡೆ ಇಟ್ಟು ಸುಮ್ನಿರಬಾರ್ದಾ?" ಎಂದು ಕೇಳಿದ್ದೆ.

"ನಿಂದೇನವ್ವ, ಗಂಡನ ಮಾರಿ ನೋಡ್ತಾ ಕುಂದ್ರತೀ. ನಾ ಯಾರ ಮಾರಿ ನೋಡ್ಲಿ, ಹನುಮಪ್ಪಂದಾ?"

ಅವಳ ಗಂಡ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು, ತೀರಿಕೊಂಡಿದ್ದ. ಇದ್ದ ಒಬ್ಬಳೇ ಮಗಳನ್ನು ಕಂಪ್ಲಿಗೆ ಕೊಟ್ಟಿದ್ದಳು. ಆ ಮಗಳು ಬಸುರಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಆದರೆ ಕಂಪ್ಲಿಯ ಬೀಗತಿ ಹೇಳಿಕಳಿಸಿದಳು: ನಾಲ್ಕೂ ಕಡೆಯ ಗಾಳಿಗೆ ಬಿದ್ದ ಮಂಟಪಕ್ಕೆ ಸೊಸೆಯನ್ನು ಕಳಿಸಲಾರೆ, ಇಲ್ಲೇ ಮಾಡಿಕೊಳ್ಳುತ್ತೇವೆ, ಬೇಕಾದರೆ ಒಮ್ಮೆ ಬಂದು ನೋಡುತ್ತೇನೆ, ಆಮೇಲೆ ಮಾತು.

ಅಂದಿನಿಂದ ದೊಡ್ಡವ್ವನಿಗೆ ಊಟವೂ ನಿಂತುಕೊಂಡೇ. ಎರಡು ಚಾಪೆಗಳ ನಡುವೆ ಕಬ್ಬಿನ ಒಣಗರಿ ತುಂಬಿ ಹೊಲಿದಳು. ಅದರ ಮೇಲೆ ಸಗಣಿ, ಮಣ್ಣು ಕಲಸಿ ಮೆತ್ತಿದಳು. ಸಂಡೂರಿನ ಕಡೆಯಿಂದ ಬರುವ ಗಾಡಿಯವರನ್ನು ಕಾಡಿ ಕೆಮ್ಮಣ್ಣು ತರಿಸಿ ಸಾರಿಸಿದಳು, ಅಂಚಿಗೆ ಸುಣ್ಣದ ಗೀರೆಳೆದಳು. ಕಲಸುವ ಕೆಲಸ ನನ್ನದು. ನೋಡಲು ಎಷ್ಟು ಚೆಂದವಿತ್ತು! ಅವಳಿಗೆ ಮಾತ್ರ ಸಮಾಧಾನವಿಲ್ಲ. ಮಂಚವನ್ನು ಮೂಡಲ ಮೂಲೆಗೆ ಹಾಕಿ ಅಂಗೈ ಹಿಡಿದು ನೋಡುವಳು, ಗಾಳಿ. ಹಿಂದಿನ ಗೋಡೆಗೆ ಸರಿಸಿ ನೋಡುವಳು, ಅಲ್ಲಿಯೂ ಗಾಳಿ.

ಗಂಡನ ಹರಿಗೋಲು ಅವನು ಹೋದಾಗಿನಿಂದ ಬೋರಲಾಗಿ ಬಿದ್ದಿತ್ತು. ಮೇಲಿನ ತೊಗಲು ಯಾವತ್ತೋ ಕಿತ್ತುಹೋಗಿ ಬಿದಿರಿನ ದೊಡ್ಡ ಬುಟ್ಟಿಯಷ್ಟೇ ಉಳಿದಿತ್ತು. ಅದನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ.

"ಹಿಡಿ ಆ ಕಡೆ," ಎಂದಳು.

"ದೊಡ್ಡವ್ವ, ಇದು ದೊಡ್ಡಪ್ಪಂದು..."

"ನನಗ ಗೊತ್ತಿಲ್ಲೇನು? ಊರ ಮಂದೀನೆಲ್ಲ ದಾಟಿಸ್ದ. ಮಗಳನ್ನೂ ದಾಟಿಸ್ಲಿ."

ಅದನ್ನು ಅಡ್ಡ ನಿಲ್ಲಿಸಿ, ಬಾಯಿ ಗೋಡೆಯ ಕಡೆ ಮಾಡಿ, ಬೆನ್ನಿಗೆ ಮಣ್ಣು ಮೆತ್ತಿದೆವು. ಅದರ ಹೊಟ್ಟೆಯೊಳಗೆ ಮಂಚ ಹಿಡಿಸಿತು.

ಬೀಗತಿ ಗಾಡಿ ಇಳಿದು ಬಂದವಳು ಸುತ್ತ ಒಂದು ಸಲ ಕಣ್ಣಾಡಿಸಿದಳು.

"ಏನ್ರೀ, ಮಗಳನ್ನ ಬುಟ್ಯಾಗ ಮುಚ್ಚಿಡ್ತೀರೇನು, ಕೋಳಿ ಮುಚ್ಚಿದಂಗ?"

"ಮೊದ್ಲು ಒಳಗ ಕುಂದ್ರಿ, ಆಮ್ಯಾಲೆ ಆಡ್ರಿ," ಎಂದಳು ದೊಡ್ಡವ್ವ.

ಬೀಗತಿ ಮಂಚದ ಮೇಲೆ ಕುಳಿತು ಹಣತೆ ಕೇಳಿದಳು. ಹೊತ್ತಿಸಿ ದಿಂಬಿನ ಹತ್ತಿರ ಹಿಡಿದಳು. ಕುಡಿ ಒಂದು ಕಡೆ ವಾಲಿತು. ದೊಡ್ಡವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ತಟ್ಟನೆದ್ದು ಚಾಪೆಯೊಂದನ್ನು ಎಳೆಯತೊಡಗಿದಳು.

"ಹಂಗಲ್ರೀ! ಗಾಳಿ ಬರಾದು ಕೆಳಗಿಂದ," ಎಂದ ಬೀಗತಿ, ಹಣತೆಯನ್ನು ನನ್ನ ಕೈಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಗೋಣಿ ತರ್ರಿ ಇಲ್ಲಿ."

"ಗೋಣಿ ಬ್ಯಾಡ, ಇಲಿ ಕಡಿತಾವ."

"ಇಲಿಗ ಹೆದ್ರತೀರಿ, ಗಾಳಿಗ ಹೆದ್ರಲ್ಲ!"

ಒಬ್ಬಳು ಇಟ್ಟದ್ದನ್ನು ಇನ್ನೊಬ್ಬಳು ತೆಗೆಯುತ್ತ, ಬೈದಾಡಿಕೊಳ್ಳುತ್ತ, ಇಬ್ಬರ ಮೊಣಕೈವರೆಗೂ ಕೆಮ್ಮಣ್ಣು. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಕುಡಿ ನೆಟ್ಟಗೆ ನಿಂತಿತು.

"ಕಳಸ್ತೀನ್ರಿ," ಎಂದಳು ಬೀಗತಿ. "ಆದ್ರ ಅಕಿ ಬಂದ ಮ್ಯಾಲೆ ನೀವು ಒಂದು ಚಾಪೀನೂ ಕದಲಿಸಬಾರ್ದು. ನನ್ನ ಮ್ಯಾಲಾಣಿ."

ಮಗಳು ಬಂದಳು, ಹೆಣ್ಣು ಮಗು ಹಡೆದಳು. ದೊಡ್ಡವ್ವ ಮಾತು ಉಳಿಸಿಕೊಂಡಳು. ಅದೆಷ್ಟು ಕಷ್ಟಪಟ್ಟಳೋ... ಕೈ ಹಗ್ಗದ ಗಂಟಿನವರೆಗೆ ಹೋಗಿ ತಿರುಗಿ ಬರುತ್ತಿತ್ತು. ತಡೆಯಲಾಗದಿದ್ದಾಗ ನಮ್ಮ ಮನೆಗೆ ಬಂದು ನನ್ನ ಗಡಿಗೆಗಳನ್ನೆಲ್ಲ ಆಚೀಚೆ ಇಟ್ಟು ಹೋಗುತ್ತಿದ್ದಳು. ನಮ್ಮತ್ತೆ ಗೊಣಗುತ್ತಿದ್ದರು, ನಾನು ನಗುತ್ತಿದ್ದೆ. ಸಂಜೆಯಾದರೆ ಆ ಬಿದಿರಿನ ಹೊಟ್ಟೆಯಿಂದ ಹೊಗೆ, ಕೂಸಿನ ಅಳು.

ತಿಂಗಳುಗಳು ಕಳೆದು ಮಗಳು, ಮೊಮ್ಮಗಳು ಕಂಪ್ಲಿಯ ಗಾಡಿ ಹತ್ತಿದರು. ಗಾಡಿ ಇನ್ನೂ ಕಣ್ಮರೆಯಾಗಿರಲಿಲ್ಲ, ಪಕ್ಕದಲ್ಲಿ ಏನೋ ಎಳೆದಾಡುವ ಸದ್ದು. ಓಡಿಹೋದೆ. ದೊಡ್ಡವ್ವ ಚಾಪೆಗಳನ್ನು ಕಿತ್ತೆಸೆದು ಹರಿಗೋಲನ್ನು ಒಬ್ಬಳೇ ನೂಕುತ್ತಿದ್ದಳು. ಮೆತ್ತಿದ ಮಣ್ಣು ಹೆಂಟೆಹೆಂಟೆಯಾಗಿ ಉದುರುತ್ತಿತ್ತು.

"ಇವತ್ತೊಂದಿನ ಇರ್ಲಿ ಬಿಡು, ದೊಡ್ಡವ್ವ."

ಅವಳು ತಿರುಗಿ ನೋಡಲಿಲ್ಲ. "ಆ ಮೂಲೀ ನೋಡಾಕ ಆಗವಲ್ದವ್ವ. ಹಿಡಿ ಆ ಕಡೆ."

ಹಿಡಿದೆ. ಅವಳು ದಿನವೂ ಮನೆಯನ್ನೇಕೆ ಕದಲಿಸುತ್ತಿದ್ದಳೆಂದು ಆಮೇಲೆ ನಾನು ಕೇಳಲಿಲ್ಲ.

ಮುಂದೆ ನಾವು ಹೊಸಪೇಟೆಗೆ ಬಂದು ನೆಲೆನಿಂತೆವು. ಅವಳು ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ಮಣ್ಣಿಗೆ ಹೋಗಲೂ ಆಗಲಿಲ್ಲ, ಮುಖ ನೋಡಲೂ ಆಗಲಿಲ್ಲ.

ಮೊನ್ನೆ ಮನಸ್ಸು ತಡೆಯದೆ ಹಂಪಿಗೆ ಹೋಗಿಬಂದೆ. ಆ ಮಂಟಪ ಈಗ ಬರಿದು, ಕಂಬದಿಂದ ಕಂಬಕ್ಕೆ ಬಯಲು. ಒಂದು ಕಂಬಕ್ಕೆ ಒರಗಿ ಕುಳಿತೆ, ಗಾಳಿ ಬೀಸಿತು. ಎದ್ದು ಇನ್ನೊಂದು ಕಂಬದ ಹತ್ತಿರ ಹೋದೆ. ಅಲ್ಲಿಂದ ಹಿಂದಿನ ಗೋಡೆಗೆ ಸರಿದೆ. ಹೊತ್ತು ಇಳಿಯುವವರೆಗೂ ಹಾಗೆ ಸರಿದು ಸರಿದು ಕುಳಿತೆ. ಎಲ್ಲಿ ಕುಳಿತರೂ ಗಾಳಿ.