ಹಳದಿ ಅಂಗಿಯವರ ಎಡಗಡೆ

ಮೊದಲು ಕಾಗದ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಆದ್ದರಿಂದ ಕಾಗದದಿಂದಲೇ ಶುರು ಮಾಡುತ್ತೇನೆ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ, ಅದರ ಬೆನ್ನಿನ ಮೇಲೆ ನನ್ನದೇ ಕೈಬರಹ: ‘ಹಳದಿಯವರ ಎಡಗಡೆ ಬದು ಸಡಿಲ. ಎಡಗೈ ಮಣಿಕಟ್ಟಿಗೆ ಬಿಳಿ ಪಟ್ಟಿ ಕಟ್ಟಿಕೊಂಡವನು. ಅಲ್ಲೇ ನುಗ್ಗುತ್ತದೆ.’

ಇದು ಭತ್ತದ ಗದ್ದೆಯ ಮಾತಲ್ಲ, ಫುಟ್‌ಬಾಲಿನ ಮಾತು. ಹೇಳಿದವರು ನಮ್ಮೂರಿನ ನೀರುಗಂಟಿ. ನಾಲೆಯ ತೂಬು ಎತ್ತಿ ಯಾರ ಬಯಲಿಗೆ ಯಾವಾಗ ನೀರು ಹೋಗಬೇಕೋ ಆಗ ಹರಿಸುವುದು ಅವರ ಕೆಲಸ. ನನಗೆ ದೊಡ್ಡಪ್ಪನಾಗಬೇಕು, ರಕ್ತಸಂಬಂಧದಿಂದಲ್ಲ, ಊರಿನ ಲೆಕ್ಕದಲ್ಲಿ.

ಅರಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಕಟಿಂಗ್ ಶಾಪು ಇದೆ. ಒಂದೇ ಕುರ್ಚಿ, ಗೋಡೆಯಗಲದ ಕನ್ನಡಿ, ಪಕ್ಕದ ಗೋಡೆಗೆ ಒಂದು ಉದ್ದ ಬೆಂಚು. ಟಿವಿಯನ್ನು ಹಿಂದಿನ ಗೋಡೆಗೆ, ಕನ್ನಡಿಯ ಎದುರಿಗೆ ತೂಗುಹಾಕಿದ್ದಾನೆ ಅಂಗಡಿಯವನು. ಕುರ್ಚಿಯಲ್ಲಿ ಕುಳಿತವರು ತಲೆ ಅಲ್ಲಾಡಿಸದೆ ಕನ್ನಡಿಯಲ್ಲೇ ಟಿವಿ ನೋಡಲಿ, ಕಿವಿ ಕುಯ್ಯುವುದು ತಪ್ಪಲಿ ಎಂಬುದು ಅವನ ಯೋಚನೆ. ವಾರವೆಲ್ಲ ಶ್ರೀರಂಗಪಟ್ಟಣದ ಬಸ್ಸು ಹಿಡಿದು ಆಫೀಸಿಗೆ ಹೋಗಿಬರುವ ನಾನು ಭಾನುವಾರ ಅಲ್ಲಿ ಬೆಂಚಿನ ಮೇಲಿರುತ್ತೇನೆ. ಯಾವುದೋ ಪ್ಯಾಕೇಜಿನ ಜೊತೆ ಆ ಕ್ರೀಡಾ ಚಾನೆಲ್ಲು ಬಿಟ್ಟಿಯಾಗಿ ಬಂತು. ಕಬಡ್ಡಿ ಆಡಿ ಮೊಣಕಾಲು ಕೆಡಿಸಿಕೊಂಡ ನಾವು ಐದಾರು ಜನ ಹೀಗೆ ಫುಟ್‌ಬಾಲಿಗೆ ಬಿದ್ದೆವು. ಬೆಂಗಳೂರಿನ ನೀಲಿ ಅಂಗಿಯವರು ನಮ್ಮವರು. ಅಷ್ಟೇ ಗೊತ್ತಿತ್ತು.

ಆಟದ ಮುಂಚೆ ಪ್ರತಿಯೊಬ್ಬನೂ ಏನಾಗುತ್ತದೆಂದು ಹೇಳಬೇಕು, ನಾನು ಬರೆದು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಬೇಕು, ಆಟದ ನಂತರ ಗಟ್ಟಿಯಾಗಿ ಓದಬೇಕು. ಈ ಪದ್ಧತಿ ಹುಟ್ಟಿದ್ದಕ್ಕೆ ಕಾರಣ ಅಂಗಡಿಯವನೇ. ಆಟ ಮುಗಿದ ಮೇಲೆ ಅವನು, “ನಾ ಅಂಗೇ ಯೋಳಿರ್ನಿಲ್ವಾ?” ಅನ್ನುತ್ತಿದ್ದ. ಪ್ರತಿ ಸಲವೂ. ಸೋತಾಗಲೂ, ಗೆದ್ದಾಗಲೂ.

ನೀರುಗಂಟಿ ದೊಡ್ಡಪ್ಪ ನಮ್ಮ ಗುಂಪಿನವರಲ್ಲ. ಪಾಂಡವಪುರದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು, ಮುಖಕ್ಕೆ ನೀರು ಸೋಕಿಸಬಾರದೆಂಬ ದಿನಗಳೆಲ್ಲ ಕಳೆದ ಮೇಲೆ, ಗಡ್ಡ ತೆಗೆಸಲು ಒಂದು ಭಾನುವಾರ ಬಂದರು. ಟಿವಿಯಲ್ಲಿ ಹಳದಿಯವರು ಬೇರೆ ಯಾರ ಜೊತೆಗೋ ಆಡುತ್ತಿದ್ದರು. ಮುಂದಿನ ಭಾನುವಾರ ನಮ್ಮ ನೀಲಿಯವರಿಗೆ ಅವರೇ ಎದುರಾಳಿಗಳಾದ್ದರಿಂದ ನಾವು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆವು. ಗಡ್ಡ ಮುಗಿಯಿತು. ಬೆಂಚು ತುಂಬಿತ್ತು. ಅವರು ಬಿಳಿಬಟ್ಟೆ ಹೊದ್ದುಕೊಂಡು ಕುರ್ಚಿಯಲ್ಲೇ ಕೊನೆಯವರೆಗೂ ಕುಳಿತರು. ಜಾಹೀರಾತು ಬಂದಮೇಲೆ ಟಿವಿ ಆರಿಸಿದೆವು. ಆಗ ಅವರು ಬಾಯಿ ತೆರೆದರು.

“ನೀವ್ಯಾಕ್ರಲಾ ಬರೀ ಚೆಂಡ್ ನೋಡೀರಿ?”

“ಇನ್ನೇನ್ ನೋಡದು ದೊಡ್ಡಪ್ಪ?”

“ಚೆಂಡು ಇಲ್ದಿರೋ ತಾವ ನೋಡು. ಆ ಅಳ್ದಿ ಅಂಗಿಯೋವ್ರು ಅಡ್ಡಕ್ ನಾಕ್ ಜನ ನಿಂತವ್ರಲ್ಲ, ಅದು ಬದು ಕಣಪ್ಪ. ಎಡಗಡೆಯೋನು ಸುಮ್ಕಿರಾಕಿಲ್ಲ, ಮುಂದುಕ್ಕೋಯ್ತಾನೆ, ಬರಾಕೆ ತಡ ಮಾಡ್ತಾನೆ. ಪಕ್ಕದೋನು ಆ ತೂತ ಮುಚ್ಚಾಕೆ ಅತ್ಲಾಗೆ ಸರೀತಾನೆ. ಏಡಿ ಬಿಲ ತೋಡ್ದಂಗೆ. ಮೊದ್ಲು ಒಂದ್ ತೊಟ್ಟು ತೊಟ್ಟಿಕ್ತದೆ. ಆಮೇಕೆ ಬದೂವೇ ಓಯ್ತದೆ.”

ಯಾರು ಅಂತ ಕೇಳಿದೆ. ಎಡಗೈಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದನಲ್ಲ, ಅವನು, ಅಂದರು. ಬರೆದುಕೊಂಡೆ.

ಮುಂದಿನ ಭಾನುವಾರದ ಸಂಜೆಯನ್ನು ಹೇಗೆ ಬರೆಯಲಿ? ಅವರು ಹೇಳಿದಂತೆ ಚೆಂಡು ಇಲ್ಲದ ಕಡೆ ನೋಡಲು ಹೋದೆ. ಮೊದಲ ಕಾಲು ಗಂಟೆ ಬರೀ ಹಸಿರು ಕಂಡಿತು. ಆಮೇಲೆ, ಯಾವ ಗಳಿಗೆಯಲ್ಲೆಂದು ಹೇಳಲಾರೆ, ಮೈದಾನ ಓರೆಯಾಯಿತು. ನಿಜವಾಗಿ ಓರೆಯಾಗಲಿಲ್ಲ, ಗೊತ್ತು. ಆದರೆ ನೀಲಿ ಅಂಗಿಗಳು ಒಂದು ಕಡೆಯಿಂದ ತುಂಬಿಕೊಂಡು ಒತ್ತುವುದು, ಹಳದಿಯ ಸಾಲು ಬಾಗುವುದು, ಒಬ್ಬ ಕದಲಿದರೆ ಉಳಿದ ಮೂವರೂ ಅವನಿಗೆ ಹಗ್ಗ ಕಟ್ಟಿದಂತೆ ಸರಿಯುವುದು, ಸರಿದಲ್ಲಿ ಒಂದು ಖಾಲಿ ಜಾಗ ಹುಟ್ಟಿ ಮುಚ್ಚಿ ಮತ್ತೆ ಹುಟ್ಟುವುದು, ಇದೆಲ್ಲ ಕಂಡಿತು. ಇಷ್ಟು ಸೀಸನ್ನು ನಾನು ನೋಡಿದ್ದೇನು? ಒಂದು ಬಿಳಿ ಚುಕ್ಕೆ ಅತ್ತಿತ್ತ ಹಾರಾಡುವುದನ್ನು. ಬೆಂಚಿನ ತುದಿಯಲ್ಲಿ ಕುಳಿತಿದ್ದ ದೊಡ್ಡಪ್ಪನ ಕಡೆ ತಿರುಗಿ ನೋಡಿದೆ. ಇದನ್ನೆಲ್ಲ ಇವರು ದಿನಾ ಬೆಳಿಗ್ಗೆ ಗದ್ದೆಯಲ್ಲಿ ನೋಡುತ್ತಾರೆ ಅನ್ನಿಸಿತು.

ನಾವೆಲ್ಲ ಹಳದಿಯವರ ಎಡಗಡೆಯನ್ನೇ ಕಾಯುತ್ತಿದ್ದೆವು. ಗೋಲು ಬಂತು, ನಮ್ಮದೇ ಗೋಲು. ಅವರು ಹೇಳಿದ ಹಾಗೆಯೇ, ಒಬ್ಬ ಮುಂದೆ ಹೋಗಿ ತಡಮಾಡಿ, ಪಕ್ಕದವನು ಅತ್ತ ಸರಿದು, ಬದು ಒಡೆದು ಬಂತು. ಆದರೆ ಹಳದಿಯವರ ಬಲಗಡೆಯಿಂದ.

ಒಂದು ಗೋಲಿನಿಂದ ನೀಲಿಯವರು ಗೆದ್ದರು. ಪದ್ಧತಿಯಂತೆ ನಾನು ಕಾಗದ ಓದಿದೆ. ‘ಹಳದಿಯವರ ಎಡಗಡೆ’ ಎಂದ ಕೂಡಲೇ ಬೆಂಚು ಗೊಳ್ಳೆಂದಿತು.

“ಲೇ, ಮಾವುಂಗೆ ಪೊರೆ ತಗುದ್ರೋ, ಆಕುದ್ರೋ, ಕೇಳ್ಲಾ!” ಎಂದ ಅಧ್ಯಕ್ಷ. ನನಗೆ ದೊಡ್ಡಪ್ಪನಾದವರು ಊರಿನ ಲೆಕ್ಕದಲ್ಲಿ ಅವನಿಗೆ ಮಾವ. ಅವನು ನನ್ನ ಸಹಪಾಠಿ, ಕಬ್ಬು ಬೆಳೆಯುವವನು, ನೀರು ಬಳಕೆದಾರರ ಸಂಘದ ಅಧ್ಯಕ್ಷನಾದಾಗಿನಿಂದ ಊರಿಗೆ ಅದೇ ಅವನ ಹೆಸರು.

“ಆಕಿರ್ಬೇಕು ಬುಡು,” ಎಂದು ದೊಡ್ಡಪ್ಪನೂ ನಕ್ಕರು. ಆಮೇಲೆ ಎರಡೂ ಕಣ್ಣು ಉಜ್ಜಿಕೊಂಡರು.

ಅವರು ಎದ್ದುಹೋದ ಮೇಲೆ ಅಧ್ಯಕ್ಷ ದನಿ ತಗ್ಗಿಸಿದ. “ನಗಾಡೋ ಮಾತಲ್ಲ ಕಣ್ಲಾ ಇದು. ನಾಳೆ ಮಧ್ಯಾನ ನಾಲೆಗೆ ನೀರು ಬುಡ್ತಾರೆ. ಎಡ ಬಲ ತಿಳೀದಿರೋರು ತೂಬು ಎಂಗ್ ಎತ್ತಾರು?”

ಅವನ ಮಾತಿನಲ್ಲಿ ಕೆಟ್ಟದ್ದಿರಲಿಲ್ಲ. ನಾಲೆಯಲ್ಲಿ ಈಗ ನೀರು ಸದಾ ಇರುವುದಿಲ್ಲ. ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ನಮ್ಮ ತೂಬಿಗೆ ಎರಡು ಗೇಟು. ಎಡಗಡೆಯದು ನಾಟಿಗೆ ಕಾದಿರುವ ಭತ್ತದ ಬಯಲಿಗೆ, ಬಲಗಡೆಯದು ತಗ್ಗಿನ ಕಬ್ಬಿಗೆ. ತಗ್ಗಿನಲ್ಲಿ ಕಟಾವು ನಡೆಯುತ್ತಿತ್ತು, ಪಾಂಡವಪುರದ ಫ್ಯಾಕ್ಟರಿಗೆ ಹೋಗಬೇಕಾದ ಲಾರಿಗಳು ಗದ್ದೆಯಲ್ಲೇ ನಿಂತಿದ್ದವು. ಗೇಟು ಅದಲುಬದಲಾದರೆ ಅಲ್ಲಿ ಲಾರಿ ಹೂತುಕೊಳ್ಳುತ್ತದೆ, ಇಲ್ಲಿ ಸಸಿಮಡಿ ಒಣಗುತ್ತದೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಮುಂಚೆ ಗಡ್ಡ ತೆಗೆಸಲು ಹೋದೆ. ಬೆಂಚಿನ ಮೇಲೆ ಅಧ್ಯಕ್ಷ ಪೇಪರು ಹಿಡಿದು ಕುಳಿತಿದ್ದ. ನನ್ನ ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಆಗ ದೊಡ್ಡಪ್ಪ ಒಳಗೆ ಬಂದದ್ದು ಕನ್ನಡಿಯಲ್ಲಿ ಕಂಡಿತು. ಗೇಟು ತಿರುಗಿಸುವ ಕಬ್ಬಿಣದ ಹಿಡಿ ಅವರ ಕೈಯಲ್ಲಿತ್ತು. ಸೈಕಲ್ಲಿಗೆ ಗೊಬ್ಬರದ ಚೀಲದಲ್ಲಿ ಕಟ್ಟಿಕೊಂಡು ತಿರುಗುವ ಆ ಹಿಡಿಯನ್ನು ಅವರು ಬೇರೆಯವರಿಗೆ ಮುಟ್ಟಲು ಬಿಟ್ಟದ್ದನ್ನು ನಾನು ನೋಡಿಲ್ಲ.

“ತಗಳಪ್ಪ,” ಎಂದರು ಅಧ್ಯಕ್ಷನಿಗೆ. “ಬೇರೆ ಯಾರ್ಗಾರ ಯೋಳು. ಬೆಳಗಾಗೆದ್ದು ತೂಬಿನ ತಾವ ನಿಂತ್ಕಂಡೆ. ಯಾವುದು ಎಡ ಅಂತ ಉಣ್ಣೋ ಕೈ ನೋಡ್ಕಂಡು ತೀರ್ಮಾನ ಮಾಡ್ದೆ. ಮೂರು ಸತಿ ನೋಡ್ಕಂಡೆ. ಇನ್ ನಂಗೇ ಧೈರ್ಯ ಇಲ್ಲ.”

ನನಗೆ ಆ ಕ್ಷಣ ಹೊಳೆದದ್ದು ಒಂದು ಕ್ಷುಲ್ಲಕ ಮಾತು. ಇವರು ಎಡಗೈಯಲ್ಲಿ ಕೊಡುತ್ತಿದ್ದಾರಲ್ಲ! ಒಂದು ವೀಳ್ಯದೆಲೆಯನ್ನೂ ಎಡಗೈಯಲ್ಲಿ ಕೊಡದ ಮನುಷ್ಯ. ಬೇಸರಕ್ಕೆ ಹಾಗೆ ಮಾಡುತ್ತಿದ್ದಾರೆಂದುಕೊಂಡು ಅವರತ್ತ ತಿರುಗಿದೆ. ಹಿಡಿ ಇದ್ದದ್ದು ಬಲಗೈಯಲ್ಲಿ.

ಮತ್ತೆ ಕನ್ನಡಿ ನೋಡಿದೆ. ಎಡಗೈ. ತಿರುಗಿದೆ. ಬಲಗೈ.

“ಅಲ್ಲಾಡ್ಬ್ಯಾಡ್ಲಾ, ಕುಯ್ದೋಯ್ತದೆ!” ಎಂದು ಅಂಗಡಿಯವನು ಕೂಗುವಷ್ಟರಲ್ಲಿ ನಾನು ಎದ್ದಿದ್ದೆ.

ಕಾಗದ ಇನ್ನೂ ಚೌಕಟ್ಟಿನಲ್ಲೇ ಇತ್ತು. ಎಡಗಡೆ, ಎಡಗೈ. ಮೊದಲು ನನ್ನ ಕೈಬರಹದ ಮೇಲೇ ಅನುಮಾನ ಬಂತು. ಅಂಗಡಿಯವನ ಫೋನಿನಲ್ಲಿ ಹಿಂದಿನ ವಾರದ ಆ ಆಟ ಹುಡುಕಿಸಿದೆ. ಸಿಕ್ಕಿತು. ಬಿಳಿ ಪಟ್ಟಿಯವನು ಹಳದಿಯವರ ಬಲಗಡೆ ನಿಂತಿದ್ದ. ಪಟ್ಟಿ ಬಲಗೈಗಿತ್ತು. ನಿನ್ನೆಯ ಆಟದಲ್ಲಿ ಪಟ್ಟಿ ಬಿಚ್ಚಿದ್ದರಿಂದ ನಾವ್ಯಾರೂ ಅವನನ್ನು ಗುರುತಿಸಿರಲಿಲ್ಲ. ಬದು ಒಡೆದದ್ದು ಅವನಿದ್ದ ಕಡೆಯಲ್ಲೇ.

“ದೊಡ್ಡಪ್ಪ, ಅವತ್ತು ನೀವು ಎಲ್ಲಿ ಕುಂತಿದ್ರಿ?”

“ಇದ್ರಾಗೆ,” ಎಂದು ಕುರ್ಚಿ ಮುಟ್ಟಿದರು.

ಬೆಂಚಿನ ಮೇಲಿನ ನಾವು ಟಿವಿಯನ್ನು ನೋಡಿದ್ದೆವು. ಅವರು ಕನ್ನಡಿಯೊಳಗಿನ ಟಿವಿಯನ್ನು ನೋಡಿದ್ದರು. ವರ್ಷಗಟ್ಟಲೆ ಆ ಕನ್ನಡಿಯ ಎದುರು ಕತ್ತರಿ ಹಿಡಿದವನಿಗೂ ಇದು ಹೊಳೆದಿರಲಿಲ್ಲ. ನಾನು ಅಧ್ಯಕ್ಷನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಬೆನ್ನ ಹಿಂದೆ ಕನ್ನಡಿಗೆ ಎದುರಾಗಿ ಫೋನು ಹಿಡಿದೆ. ಅವನು ಕನ್ನಡಿ ನೋಡಿದ, ಕತ್ತು ತಿರುಗಿಸಿ ಫೋನು ನೋಡಿದ, ಕೈ ಎತ್ತಿ ಇಳಿಸಿದ.

“ಇವುನಜ್ಜಿ,” ಎಂದ ಮೆಲ್ಲಗೆ. “ಪೂರಾ ತಿರುಗ್ಸಿ ತೋರುಸ್ದ್ರೂ ಮಾವ ಬಿಲ ಎಲ್ಲದೆ ಅಂತ ಕಂಡ್ಬುಟ್ಟವ್ನಲ್ಲೋ!”

“ನಾ ಅಂಗೇ ಯೋಳಿರ್ನಿಲ್ವಾ?” ಎಂದ ಅಂಗಡಿಯವನು.

ಯಾರೂ ನಗಲಿಲ್ಲ. ದೊಡ್ಡಪ್ಪ ಕುರ್ಚಿಯ ಹಿಂದೆ ನಿಂತು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಬಲಗೈಯಿಂದ ಮೊದಲು ಒಂದು ಕಣ್ಣು ಮುಚ್ಚಿಕೊಂಡರು, ಆಮೇಲೆ ಇನ್ನೊಂದು. ಅಧ್ಯಕ್ಷ ಎದ್ದು, ಬೆಂಚಿನ ಮೇಲಿದ್ದ ಹಿಡಿಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದ.

“ತಗೊ ಮಾವ. ಒತ್ತಾಯ್ತದೆ. ನಮ್ ಕಬ್ಬಿನ ಕಡೆ ಒಂದ್ ತೊಟ್ಟೂ ಬುಡಬ್ಯಾಡ, ಲಾರಿ ನಿಂತದೆ.”

“ನಂಗೊತ್ತಿಲ್ವೇನ್ಲಾ?” ಎಂದರು ಅವರು. ದನಿ ಹಳೆಯದೇ ಆಗಿತ್ತು.

ಆ ದಿನ ನಾನು ಆಫೀಸಿಗೆ ಹೋಗಲಿಲ್ಲ. ಮಧ್ಯಾಹ್ನ ತೂಬಿನ ಹತ್ತಿರ ನಿಂತಿದ್ದೆ. ನಾಲೆಯಲ್ಲಿ ಒಣಗಿದ ಎಲೆ, ನೊರೆ, ಒಂದು ಹರಿದ ಚಪ್ಪಲಿ ಮುಂದೆ ತಳ್ಳಿಕೊಂಡು ನೀರು ಬಂತು. ಅವರು ಕೈ ನೋಡಿಕೊಳ್ಳಲಿಲ್ಲ. ಎಡಗಡೆಯ ಗೇಟಿಗೆ ಹಿಡಿ ಸಿಕ್ಕಿಸಿ ತಿರುಗಿಸಿದರು. ನೀರು ಒಂದು ಗಳಿಗೆ ಯೋಚಿಸುವಂತೆ ನಿಂತು ಭತ್ತದ ಬಯಲಿಗೆ ಇಳಿಯಿತು. ಅದು ಎಲ್ಲಿ ಮೊದಲು ಹೋಗಬಹುದೆಂದು ಊಹಿಸಲು ನೋಡಿದೆ. ನನ್ನ ಊಹೆ ತಪ್ಪಾಯಿತು. ಅವರು ಸನಿಕೆ ಹಿಡಿದು ಅದು ಹೋಗುವ ಕಡೆ ಮೊದಲೇ ಹೋಗಿ ನಿಂತಿದ್ದರು, ಒಂದು ಏಡಿ ಬಿಲಕ್ಕೆ ಮಣ್ಣು ಒತ್ತುತ್ತ.

“ಅರ್ಧ ಗಡ್ಡ ಬುಟ್ಕಂಡ್ ಬಂದಿದ್ದೀಯಲ್ಲೋ,” ಎಂದು ಅಲ್ಲಿಂದಲೇ ಕೂಗಿದರು.

ನಿಜ, ಒಂದು ಕೆನ್ನೆ ಹಾಗೇ ಉಳಿದಿತ್ತು. ಅದು ಎಡಗೆನ್ನೆ ಎಂದು ಬರೆಯಲು ಹೊರಟು ಕೈ ನಿಲ್ಲಿಸಿದ್ದೇನೆ. ನನ್ನ ನೆನಪಿನಲ್ಲಿ ಆ ಮುಖ ಇರುವುದು ಕನ್ನಡಿಯೊಳಗೆ.