ಬರೆದವರ ಹೆಸರಿಲ್ಲದ ದೃಶ್ಯ

ಬರೆದವರ ಹೆಸರು ಮರೆತೆ ಅಂದರು ಮಾವ. ಅಷ್ಟೇ. ಮೊನ್ನೆಯಿಂದ ಈ ಒಂದು ಮಾತು ತಲೆಯೊಳಗೆ ಹೊಕ್ಕು ಕೂತುಬಿಟ್ಟಿದೆ. ಮಗುವಿಗೆ ಊಟ ಮಾಡಿಸುವಾಗ, ಸ್ನಾನದ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವಾಗ, ಎಲ್ಲಿಂದಲೋ ಬಂದು ಕಚ್ಚುತ್ತದೆ.

ಹೆದರಿಕೆ ನನಗೆ ಹೊಸದೇನಲ್ಲ. ಮಗು ಹುಟ್ಟಿದಂದಿನಿಂದ ಅದೂ ನಮ್ಮ ಜೊತೆಗೇ ಸಂಸಾರ ಹೂಡಿದೆ. ಮಗು ಅತ್ತರೆ ಏನಾಯಿತೋ ಎಂಬ ಭಯ. ಅಳದೆ ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿಯುತ್ತೇನೆ. ಹಾಗಾಗಿ ಈ ಮನೆಯಲ್ಲಿ ನನ್ನ ದಿಗಿಲಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ.

ಮಾವ ಎಂದರೆ ನನ್ನ ಅಮ್ಮನ ಕಿರಿಯ ತಮ್ಮ. ಒಂಟಿ ಜೀವ. ಪರಭಾಷೆಯ ಸಿನಿಮಾ ಓಡುವಾಗ ಪರದೆಯ ಕೆಳಗೆ ಮೂಡುವ ಸಾಲುಗಳನ್ನು ಬರೆಯುವುದು ಅವರ ಕೆಲಸ. ಎರಡೇ ಸಾಲಿಗೆ ಜಾಗ. ನಟ ಎಷ್ಟೇ ಗಂಟಲು ಹರಿದುಕೊಳ್ಳಲಿ, ಅವನು ಬಾಯಿ ಮುಚ್ಚುವುದರೊಳಗೆ ನೋಡುವವರು ಓದಿ ಮುಗಿಸಬೇಕು. "ನನ್ನ ತಮ್ಮ ಮನೇಲಿ ಮಾತಾಡೋದೂ ಎರಡೇ ಸಾಲು. ಮೂರನೇದು ಬೇಕು ಅಂದ್ರೆ ಅರ್ಜಿ ಹಾಕ್ಬೇಕು," ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಎರಡು ಸಾಲಿನ ಮಾವ ಎಂಬ ಹೆಸರು ಹಾಗೇ ಅಂಟಿಕೊಂಡಿತು.

ಮುದ್ರಣಾಲಯವೊಂದರ ಮೇಲಿನ ಇಕ್ಕಟ್ಟಾದ ಕೋಣೆಯಲ್ಲಿ ಅವರ ಕೆಲಸ. ಕೆಳಗೆ ಯಂತ್ರ ತಿರುಗಿದರೆ ಮೇಲೆ ಚಹಾದ ಲೋಟ ತಾನೇ ತಾನಾಗಿ ಮೇಜಿನ ಅಂಚಿಗೆ ಸರಿಯುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ. ಅಮ್ಮ ಕೆಲಸದಿಂದ ಬರುವವರೆಗೆ ಪ್ರಶಸ್ತಿ ಬಂದ ಸಿನಿಮಾಗಳನ್ನು ನೋಡುತ್ತ ಬೆಳೆದೆ. ಮಾವ ನಡುವೆ ನಿಲ್ಲಿಸಿ ಕೇಳುತ್ತಿದ್ದರು, "ಈಗ ಅವಳು ಏನು ಹೇಳಲಿಲ್ಲ, ಹೇಳು?"

ಒಂದು ಸಿನಿಮಾದಲ್ಲಿ, ಮನೆಬಿಟ್ಟು ಹೋದ ತಂಗಿ ವರ್ಷಗಳ ನಂತರ ಬಾಗಿಲಲ್ಲಿ ನಿಂತಿರುತ್ತಾಳೆ. ಊಟಕ್ಕೆ ಕೂತ ಅಕ್ಕ ತುಟಿ ಪಿಟಕ್ಕೆನ್ನುವುದಿಲ್ಲ. ಎದ್ದು, ತಾನು ಕೂತಿದ್ದ ಗಟ್ಟಿ ಕುರ್ಚಿಯನ್ನು ಖಾಲಿ ಬಿಟ್ಟು, ಕಾಲು ಅಲ್ಲಾಡುವ ಕುರ್ಚಿಗೆ ಹೋಗಿ ಕೂರುತ್ತಾಳೆ. ಮಾವ ಕಣ್ಣೊರೆಸಿಕೊಂಡು, "ಇದನ್ನ ಬರೆದವನಿಗೆ ಪ್ರಶಸ್ತಿ ಕೊಟ್ರು. ಮಾತು ಬರೆದಿದ್ದಕ್ಕಲ್ಲ ಪುಟ್ಟಿ, ಕುರ್ಚಿ ಬರೆದಿದ್ದಕ್ಕೆ," ಅಂದರು. ಯಾವ ಸಿನಿಮಾದ ಸುದ್ದಿ ಬಂದರೂ ಅವರು ಮೊದಲು ಹೇಳುವುದು ಬರೆದವರ ಹೆಸರು. ನಟ, ನಿರ್ದೇಶಕ, ಕಥೆ ಎಲ್ಲ ಆಮೇಲೆ. ಚಿತ್ರಮಂದಿರದಲ್ಲೂ ಅಷ್ಟೇ, ಆ ಹೆಸರು ದಾಟಿಹೋಗುವವರೆಗೆ ಸೀಟು ಬಿಟ್ಟು ಏಳುತ್ತಿರಲಿಲ್ಲ. ಕಸ ಗುಡಿಸುವವಳು ಪೊರಕೆ ಹಿಡಿದು, "ಹೆಸರಿನವರು ಇನ್ನೂ ಎದ್ದಿಲ್ವಾ?" ಎಂದು ಬೈಯುತ್ತಿದ್ದಳು.

ಹೀಗೆ ನಮ್ಮಿಬ್ಬರಿಗೂ ನೇರವಾಗಿ ಕೇಳುವ, ಹೇಳುವ ಅಭ್ಯಾಸವೇ ತಪ್ಪಿಹೋಯಿತು. ನಾನು ಬಸುರಿಯಾದದ್ದನ್ನು ಅವರಿಗೆ ತಿಳಿಸಿದ್ದೂ ಸಿನಿಮಾದ ಹಾಗೆ. "ಮಾವ, ಒಂದು ದೃಶ್ಯ. ಹೆಂಗಸೊಬ್ಬಳು ಚಪ್ಪಲಿ ಅಂಗಡಿಗೆ ಹೋಗ್ತಾಳೆ. ತನಗೆ ಏನೂ ಕೊಳ್ಳಲ್ಲ. ಹೆಬ್ಬೆರಳುದ್ದದ ಜೋಡು ಕೈಗೆತ್ತಿಕೊಂಡು ನೋಡ್ತಾನೇ ಇರ್ತಾಳೆ." ಆ ಕಡೆಯಿಂದ, "ಎಷ್ಟು ತಿಂಗಳು?"

ಅವರಿಗೆ ತಕ್ಷಣ ಅರ್ಥವಾಗಿತ್ತು.

ಕಳೆದ ವಾರ ಮಾವ ಫೋನಿನಲ್ಲಿ ಒಂದು ದೃಶ್ಯ ಹೇಳಿದರು. ವಯಸ್ಸಾದವನೊಬ್ಬ ಡಾಕ್ಟರ ಮುಂದೆ ಕೂತಿದ್ದಾನೆ. ಡಾಕ್ಟರು ಕಾಗದಗಳನ್ನು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳುತ್ತಾರೆ: ಜೊತೆಗೆ ಯಾರಾದರೂ ಬಂದಿದ್ದಾರಾ? ಅವನು ಬಾಗಿಲ ಕಡೆ ತಿರುಗಿ, ಹೊರಗಡೆ ಇದ್ದಾರೆ ಅನ್ನುತ್ತಾನೆ. ಹೊರಗೆ ಖಾಲಿ ಬೆಂಚು. ಅದರ ಮೇಲೆ ಅವನದೇ ಕೊಡೆ.

"ಅಬ್ಬಾ ಮಾವ, ಎಂಥ ಬರವಣಿಗೆ!" ಎಂದು ಕುಣಿದಾಡಿದೆ. ರೋಗದ ಹೆಸರಿಲ್ಲ, ಒಂಟಿತನ ಎಂಬ ಪದವಿಲ್ಲ, ಎಲ್ಲವೂ ಇದೆ. ಸಾಲದ್ದಕ್ಕೆ ತಿದ್ದುಪಡಿ ಬೇರೆ: "ಕೊಡೆ ಸ್ವಲ್ಪ ಹೆಚ್ಚಾಯ್ತು ನೋಡಿ. ಖಾಲಿ ಬೆಂಚು ಸಾಕಿತ್ತು." ಮಾವ ನಕ್ಕು, "ಇರಬಹುದು ಕಣೇ," ಅಂದರು.

ನಾನು ವಾರಪತ್ರಿಕೆಗೆ ಬರೆಯುವವಳು. ಪ್ರಶಸ್ತಿ ಪಡೆದ ಚಿತ್ರಗಳ ಚಿತ್ರಕಥೆಯ ಸೊಗಸಿನ ಬಗ್ಗೆ ಸಂಪಾದಕರು ಲೇಖನ ಕೇಳಿದ್ದರು. ಈ ದೃಶ್ಯದಿಂದಲೇ ಶುರುಮಾಡಿ, ಬರೆದವರ ಹೆಸರಿಗಾಗಿ ಮೊನ್ನೆ ಫೋನ್ ಮಾಡಿದೆ.

"ಮರೆತೆ ಪುಟ್ಟಿ."

"ನೀವು? ಮರೆಯೋದಾ? ಹೋಗಲಿ, ಯಾವ ದೇಶದ್ದು?"

"ಅದನ್ನ ಬಿಟ್ಟು ಬೇರೆ ಯಾವುದಾದ್ರೂ ಹಾಕು. ಮಗು ಅಳ್ತಿದೆ ನೋಡು." ಫೋನ್ ಇಟ್ಟರು. ಮಗು ಮಲಗಿ ನಿದ್ದೆಹೋಗಿತ್ತು.

ಇವತ್ತು ಮಧ್ಯಾಹ್ನ ಮಗುವಿನ ಬಟ್ಟೆ ಮಡಚುತ್ತಿದ್ದ ನಮ್ಮ ಯಜಮಾನರಿಗೆ ನನ್ನ ಅನುಮಾನ ಹೇಳಿದೆ.

"ನಿಂಗೆ ಹಗ್ಗ ಕಂಡ್ರೂ ಹಾವು," ಅಂದರು ಅವರು. "ಮೊನ್ನೆ ಮಗು ಎರಡು ಸಲ ಸೀನಿದ್ದಕ್ಕೆ ನೀನು ಡಾಕ್ಟರಿಗೆ ಫೋನ್ ಮಾಡಿದ್ದೆ. ವಯಸ್ಸಾಯ್ತು, ಹೆಸರು ಮರೆತ್ರು. ಹುಡುಕಿ ನೋಡು, ಸಿನಿಮಾ ಸಿಗುತ್ತೆ."

"ಹುಡುಕಿದೆ. ಎಲ್ಲೂ ಇಲ್ಲ."

"ಎಲ್ಲೋ ಇರಬಹುದು ಕಣೇ. ಪ್ರಪಂಚದ ಸಿನಿಮಾ ಎಲ್ಲಾ ನಿನಗೆ ಸಿಗ್ಬೇಕಾ?"

"ಹೋದ ತಿಂಗಳು ಬಂದಿದ್ರಲ್ಲ, ಮೆಟ್ಟಿಲ ಮಧ್ಯೆ ಕೂತ್ಕೊಂಡ್ರು. ಏನಾಯ್ತು ಮಾವ ಅಂದ್ರೆ, ಲೇಸ್ ಕಟ್ಕೋತಿದ್ದೀನಿ ಅಂದ್ರು."

"ಅದರಲ್ಲೇನಿದೆ?"

"ಅವರು ಹಾಕ್ಕೊಂಡಿದ್ದು ಚಪ್ಪಲಿ ರೀ."

ಅಂದು ಅದನ್ನು ಕಣ್ಣಾರೆ ನೋಡಿದ್ದೆ, ತಮಾಷೆಯೆಂದು ನಕ್ಕೂ ಇದ್ದೆ. ಇವರ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. "ಫೋನ್ ಮಾಡು," ಅಂದರು, ಈ ಸಲ ನಗದೆ.

ಮಾಡಲು ಭಯ. ಕೇಳದೆ ಇರುವಷ್ಟು ಹೊತ್ತು ಅದು ಯಾವುದೋ ದೇಶದ, ಯಾರೋ ಬರೆದ ಸಿನಿಮಾ. ಕೇಳಿದರೆ ಆ ಮುದುಕನಿಗೆ ಮಾವನ ಮುಖ ಬಂದುಬಿಡುತ್ತದೆ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಮಗುವಿನ ಉಸಿರು ನೋಡಿ ಬಂದೆ. ಕಿಟಕಿ ಮುಚ್ಚಿ, ಮತ್ತೆ ತೆಗೆದೆ. ಕೊನೆಗೆ ನಂಬರ್ ಒತ್ತಿದೆ. ರಿಂಗಾಗುತ್ತಲೇ ಇತ್ತು.

"ಏನೇ, ಲೇಖನ ಆಯ್ತಾ?"

"ಮಾವ, ಡಾಕ್ಟರು ಕೇಳಿದ್ದು ನಿಮ್ಮನ್ನಾ?"

ಯಂತ್ರದ ಸದ್ದಿನ ನಡುವೆ ಅವರು ಚಹಾದ ಲೋಟವನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿದ್ದು ಕೇಳಿಸಿತು.

"ಇಷ್ಟು ನೇರವಾಗಿ ಕೇಳಿದ್ರೆ ದೃಶ್ಯ ಕೆಡುತ್ತೆ ಪುಟ್ಟಿ."

"ಕೆಡಲಿ. ಹಾಳಾಗಿ ಹೋಗಲಿ. ಹೇಳಿ."

"ಹ್ಞೂಂ. ಮಂಗಳವಾರ ಮತ್ತೆ ಬನ್ನಿ ಅಂದಿದ್ದಾರೆ. ಮನೆಯವರು ಯಾರಾದ್ರೂ ಬಂದ್ರೇನೇ ಮುಂದಿನ ಮಾತು ಅಂತೆ."

"ನಾನು ಬರ್ತೀನಿ."

"ಮಗು?"

"ಅದೂ ಬರುತ್ತೆ. ಆಸ್ಪತ್ರೆ ಸೂರು ಹಾರೋ ಹಾಗೆ ಅಳುತ್ತೆ, ತಡ್ಕೊಳ್ಳಿ."

ಅವರು ನಗಲಿಲ್ಲ. "ಹಿಂದಿನ ಗೇಟಿಂದ ಬಾ," ಅಂದರು. "ಮುಂದೆ ಮೆಟ್ಟಿಲು ಜಾಸ್ತಿ. ಎಡಗಡೆ ಲಿಫ್ಟ್ ಕೆಟ್ಟಿರುತ್ತೆ, ಬಲಗಡೇದಕ್ಕೆ ಹತ್ತು. ಕಾವಲಿನವನಿಗೆ ನನ್ನ ಹೆಸರು ಹೇಳು, ಬಿಡ್ತಾನೆ."

ಕಾವಲಿನವನಿಗೂ ಇವರ ಹೆಸರು ಗೊತ್ತಿದೆ.

"ಎಷ್ಟು ದಿನದಿಂದ ಹೋಗ್ತಿದ್ದೀರಿ ಮಾವ?" ಎಂದು ಕೇಳಿದೆ.