ನಲವತ್ತೊಂದನೆಯ ಸ್ಲೈಡು

ನಳಿನಾಕ್ಷಿಗೆ ಅಂಟಾರ್ಕ್ಟಿಕಾ ಬಾಯಿಪಾಠವಾಗಿಹೋಗಿತ್ತು. ಅವಳೇನೂ ಅಲ್ಲಿಗೆ ಹೋದವಳಲ್ಲ. ಒಂಬತ್ತು ವರ್ಷದ ಹಿಂದೆ ಅಲ್ಲಿನ ಭಾರತೀಯ ಕೇಂದ್ರದಲ್ಲಿ ಹದಿನಾರು ತಿಂಗಳು ಜನರೇಟರ್ ನೋಡಿಕೊಂಡು ಬಂದವನು ಗಂಡ ಪುಟ್ಟಸ್ವಾಮಿ. ಈಗ ಅವನಿಗೆ ಅಮೆರಿಕದ ಪಾರ್ಸಿಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ಸಾವಿರದ ಇಸವಿ ಕಂಪ್ಯೂಟರುಗಳಿಗೆ ತಂದಿದ್ದ ವೈಟುಕೆ ಗಲಾಟೆ ಮುಗಿದು ಶನಿವಾರಗಳು ಬಿಡುವಾದದ್ದೇ, ಲೈಬ್ರರಿ, ಶಾಲೆ, ಕನ್ನಡ ಕೂಟ ಎಂದು ಕರೆದಲ್ಲೆಲ್ಲ ಭಾಷಣ. ಪ್ರೊಜೆಕ್ಟರ್ ಹೊರುವುದು, ಸ್ಲೈಡು ಜೋಡಿಸುವುದು, ಕತ್ತಲಲ್ಲಿ ಕೂತು ಗುಂಡಿ ಒತ್ತುವುದು ಅವಳ ಪಾಲು.

ಅಂದು ಕನ್ನಡ ಕೂಟದವರ ಸರದಿ. ವಾರವೆಲ್ಲ ಮಗಳು ನಿಧಿಗೆ ಕೆಮ್ಮು. ನಳಿನಾಕ್ಷಿಗೆ ಸರಿಯಾದ ನಿದ್ದೆಯಿಲ್ಲ.

"ರೀ, ಇವತ್ತಾದ್ರೂ ಆ ಒಂದು ಮಾತು ಬಿಟ್ಬಿಡಿ," ಎಂದಳು ಕಾರಿನಲ್ಲಿ.

"ಯಾವ್ದು?"

"'ಮನೆ ಯೋಚ್ನೆ ಇರ್ಲಿಲ್ಲ, ನಮ್ಮನೆಯವಳು ಎಲ್ಲಾ ನಿಭಾಯಿಸಿದ್ಲು' ಅಂತೀರಲ್ಲ, ಅದು."

"ಹೊಗಳ್ತಾ ಇದೀನಲ್ಲೇ!"

"ನನ್ನ ಒಂದ್ಮಾತು ಕೇಳ್ದೆ ಹೊಗಳ್ತೀರ."

ಭಾಷಣ ಎಂದಿನಂತೆ ಸಾಗಿತು. ಹಿಮಕರಡಿ ನೋಡಿದ್ರಾ ಎಂದು ಯಾವುದೋ ಮಗು ಇಂಗ್ಲಿಷಿನಲ್ಲಿ ಕೇಳಿತು; ಅವು ಉತ್ತರ ಧ್ರುವದಲ್ಲಿ ಮರಿ, ಎಂದ ಪುಟ್ಟಸ್ವಾಮಿ. "ಬಿಸಿಬೇಳೆಬಾತ್ ಆರ್ತಿದೆ ಅಂಕಲ್," ಎಂದು ಕೂಟದ ಊಟದ ಹೊಣೆ ಹೊತ್ತ ಪ್ರಭಾ ಅಡುಗೆಯ ಮೂಲೆಯಿಂದ ಎಚ್ಚರಿಸಿದಳು. ನಲವತ್ತೊಂದನೆಯ ಸ್ಲೈಡು, ಕೇಂದ್ರದ ಫೋನು, ಪರದೆಗೆ ಬಂತು.

"ಮನೆ ಯೋಚನೆ ಇರಲಿಲ್ಲ. ನಮ್ಮ ಮನೆಯವಳು ಎಲ್ಲಾ ನಿಭಾಯಿಸಿದಳು. ನೆಕ್ಸ್ಟ್."

ಸ್ಲೈಡು ಕದಲಲಿಲ್ಲ.

"ನಳಿನಾ, ನೆಕ್ಸ್ಟ್."

ಅವಳು ಎದ್ದು ನಿಂತಳು. "ಆ ಫೋನ್ ತಿಂಗಳಿಗೊಂದ್ಸಲ ಬರೋದು. ಮೂರೇ ನಿಮಿಷ. ಮೈಸೂರಿನ ಮನೇಲಿ ಎಲ್ಲಾರೂ ಸಾಲಾಗಿ ನಿಲ್ಲೋರು. ಮಾವ 'ಊಟ ಆಯ್ತಾ?' ಅನ್ನೋರು. ಇವ್ರು 'ಆಯ್ತು, ನಿಮ್ದು?' ಅನ್ನೋರು. ಆಮೇಲೆ ಅತ್ತೆ, 'ಊಟ ಆಯ್ತಾ?' ಆಮೇಲೆ ಭಾವ, ಓರಗಿತ್ತಿ, ಪಕ್ಕದ್ಮನೆಯವ್ರು."

ಸಭೆ ಗೊಳ್ಳೆಂದಿತು.

"ನನ್ನ ಕೈಗೆ ಬರೋ ಹೊತ್ಗೆ ಲೈನ್ ಕಟ್. ನಿಧಿ ನಡೆಯೋಕೆ ಶುರು ಮಾಡಿದ ತಿಂಗ್ಳು, ಹೇಳ್ಬೇಕು ಅಂತ ಬೆಳಗ್ಗೆಯಿಂದ ಫೋನ್ ಪಕ್ಕದಲ್ಲೇ ಕೂತಿದ್ದೆ. ಆವತ್ತೂ ಅಷ್ಟೇ. ಹಡಗಲ್ಲಿ ಕಾಗದ ಹೋದ್ಮೇಲೆ ಇವ್ರಿಗೆ ಗೊತ್ತಾಗಿದ್ದು. ನಿಭಾಯಿಸ್ದೆ ಅಂತಲ್ಲ. ಬೇರೆ ದಾರಿ ಇರ್ಲಿಲ್ಲ, ಅಷ್ಟೇ."

ಕೂತು ಗುಂಡಿ ಒತ್ತಿದಳು. ಪೆಂಗ್ವಿನ್‌ಗಳು ಬಂದವು. ಅಲ್ಲಿ ಪುಟ್ಟಸ್ವಾಮಿ ತಪ್ಪದೆ ಹೇಳುವ ಜೋಕೊಂದಿತ್ತು. ಇಂದು ಹೇಳಲಿಲ್ಲ.

ಮರಳುವಾಗ ಪ್ರೊಜೆಕ್ಟರನ್ನು ಅವನೇ ಕಾರಿನವರೆಗೆ ಹೊತ್ತ. ಹೈವೇ ಹತ್ತಿದ ಮೇಲೆ ಕೇಳಿದ: "ಆವತ್ತು ನಿಧಿ ಎಲ್ಲೀವರ್ಗೂ ನಡೆದ್ಲು?"

"ಬಾಗಿಲಿಂದ ಫೋನ್ ಇಟ್ಟಿದ್ದ ಸ್ಟೂಲ್‌ವರ್ಗೂ." ಅವಳು ಕಿಟಕಿಗೆ ತಲೆ ಆನಿಸಿದ್ದಳು.

"ಡಿಡ್ ಐ ಫಾಲ್?" ಹಿಂದಿನ ಸೀಟಿನಿಂದ ನಿಧಿ.

"ಮೂರು ಸಲ."



"ಮುಂದಿನ್ವಾರ ರಾಬಿನ್ಸ್‌ವಿಲ್‌ಗೆ ಭಾಷಣಕ್ಕೆ ಬರ್ತೀನಿ ಅಂತ ಒಪ್ಕೊಂಡಿದೀನಿ," ಎಂದ ಪುಟ್ಟಸ್ವಾಮಿ ಮೆಲ್ಲಗೆ. "ಆ ಮಾತು ಬಿಡ್ತೀನಿ."

"ಬಿಡಿ. ಗುಂಡೀನೂ ನೀವೇ ಒತ್ಕೊಳ್ಳಿ," ಎಂದು ನಳಿನಾಕ್ಷಿ ಕಣ್ಣು ಮುಚ್ಚಿದಳು. "ನಾನು ಮನೇಲಿ ಮಲ್ಕೋತೀನಿ."